ಗಣಿತ ಪುಸ್ತಕದಲ್ಲಿ ಬರುವ ಆ ವಿಚಿತ್ರ ‘ಜಿ’ ಯಾವ ಅಕ್ಷರ?

ಉನ್ನತ ಗಣಿತದ ಒಂದು ವಿಷಯವಾದ ಲೀ ಬೀಜಗಣಿತದ ಪಾಠದಲ್ಲಿ ಬರುವ ಅಲಂಕಾರದ ‘ಜಿ’ ಯಾವುದು, ಅಂಥ ಅಕ್ಷರಗಳಲ್ಲೇ ಮೊಬೈಲ್‌ನಲ್ಲಿ ಹೆಸರು ಬರೆದುಕೊಳ್ಳಬಹುದೇ ಎಂದು ತೀರ್ಥಹಳ್ಳಿಯಿಂದ ಕೇಳಿದ್ದೀರಿ.

ಅದು ಫ್ರಾಕ್ಟೂರ್, ಹಳೆಯ ಜರ್ಮನ್ ಮುದ್ರಣದ ಲಿಪಿಶೈಲಿ. ‘ಮುರಿದದ್ದು’ ಎಂಬರ್ಥದ ಲ್ಯಾಟಿನ್ ಪದದಿಂದ ಆ ಹೆಸರು ಬಂದಿದೆ. ಕನ್ನಡದ ಗೆರೆ ದುಂಡಗೆ ಹರಿದರೆ ಇಲ್ಲಿ ಗೆರೆ ಮೂಲೆಮೂಲೆಗೂ ಮುರಿಯುತ್ತದೆ. ನನಗಂತೂ ಅದು ಸಾಗರದ ಕಡೆಯ ಹಸೆ ಚಿತ್ತಾರದ ನೇರ ಗೆರೆಗಳನ್ನು ನೆನಪಿಸುತ್ತದೆ. ಗಣಿತದಲ್ಲಿ ಅದು ಬರಿಯ ಅಲಂಕಾರವಲ್ಲ: ಸಾಮಾನ್ಯ ದೊಡ್ಡ ‘ಜಿ’ ಲೀ ಗ್ರೂಪ್ (ತಿರುಗಿಸುವಿಕೆಯಂಥ ನಿರಂತರ ಸಮ್ಮಿತಿಗಳ ಗುಂಪು) ಆದರೆ, ಫ್ರಾಕ್ಟೂರಿನ ಸಣ್ಣ ‘ಜಿ’ ಅದರ ಲೀ ಬೀಜಗಣಿತ. ಅದೇ ಶೈಲಿಯ ಸಣ್ಣ ‘ಸಿ’ ಎಂದರೆ ಎಲ್ಲ ವಾಸ್ತವ ಸಂಖ್ಯೆಗಳ ಗಣದ ಗಾತ್ರ. ಶಿವಮೊಗ್ಗದ ನನ್ನ ತರಗತಿಯಲ್ಲಿ ಸೀಮೆಸುಣ್ಣದಿಂದ ಇಂಥ ಒಂದಕ್ಷರ ಬರೆಯಲು ಇಂದಿಗೂ ಒಂದು ನಿಮಿಷ ಬೇಕು!

ಆಕಾರ ಬದಲಾದರೆ ಅರ್ಥವೇ ಬದಲಾಗುವುದರಿಂದ 2001ರಲ್ಲಿ ಯೂನಿಕೋಡ್ (ಕಂಪ್ಯೂಟರು, ಮೊಬೈಲ್‌ಗಳು ಅಕ್ಷರಗಳಿಗೆ ಬಳಸುವ ಸಂಕೇತಪಟ್ಟಿ) ತನ್ನ 3.1 ಆವೃತ್ತಿಯಲ್ಲಿ ಇಂಥ ಗಣಿತಾಕ್ಷರಗಳಿಗೆ ಪ್ರತ್ಯೇಕ ಸಂಕೇತಗಳ ವಿಭಾಗವನ್ನೇ ಕೊಟ್ಟಿತು. ಫ್ರಾಕ್ಟೂರಿನ ಐದು ದೊಡ್ಡಕ್ಷರಗಳು ಅದಕ್ಕೂ ಮೊದಲೇ ಬೇರೆ ವಿಭಾಗದಲ್ಲಿದ್ದವು. ಹಾಗಾಗಿ ಹೊಸ ಸಾಲಿನಲ್ಲಿ ಅವುಗಳ ಜಾಗ ಖಾಲಿ ಉಳಿದಿದೆ.

ಮೊಬೈಲ್‌ನಲ್ಲಿ ಹೆಸರು ಬರೆಯಲು ಮಾತ್ರ ದಯವಿಟ್ಟು ಈ ಅಕ್ಷರಗಳನ್ನು ಬಳಸಬೇಡಿ. ದೃಷ್ಟಿದೋಷವುಳ್ಳವರು ನೆಚ್ಚಿಕೊಂಡ ಓದುವ ತಂತ್ರಾಂಶ ಅದನ್ನು ಹೆಸರಾಗಿ ಓದದೆ ಬಿಟ್ಟುಬಿಡಬಹುದು, ಇಲ್ಲವೇ ಒಂದೊಂದೇ ಗಣಿತ ಚಿಹ್ನೆಯಾಗಿ ಉಚ್ಚರಿಸಬಹುದು.