ವಿದ್ಯಾರ್ಥಿನಿಯರ ಮೇಲಿನ ಲೈಂಗಿಕ ಒತ್ತಾಯ ಸಾರ್ವಜನಿಕ ಆರೋಗ್ಯದ ಸಮಸ್ಯೆ ಹೇಗಾಗುತ್ತದೆ?

ಇದು ಪೊಲೀಸರ ವಿಷಯ, ಡಾಕ್ಟರಿಗೇನು ಕೆಲಸ ಎಂದು ಕೇಳಿದ್ದೀರಿ. ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳು ಸೇರುವ ವಿಶ್ವ ಆರೋಗ್ಯ ಸಭೆ 1996ರಲ್ಲೇ ಹಿಂಸೆಯನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆ ಎಂದು ಘೋಷಿಸಿದೆ.

ಒತ್ತಾಯ ಅಂದರೆ ಬರೀ ಕೈ ಹಿಡಿದು ಎಳೆಯುವುದಲ್ಲ. ‘ನಿನ್ನ ಮಾರ್ಕ್ಸ್ ನನ್ನ ಕೈಲಿದೆ’ ಎನ್ನುವ ಗೈಡ್, ‘ಪ್ರೀತಿ ಇದ್ರೆ ಒಪ್ಕೋ’ ಎಂದು ದಿನಾ ಪೀಡಿಸುವ ಗೆಳೆಯ, ಎಲ್ಲ ಅದೇ. ಅವಳು ಸುಸ್ತಾಗಿ ‘ಹೂಂ’ ಅಂದರೆ ಅದು ಒಪ್ಪಿಗೆ ಅಲ್ಲ, ಅಲ್ವಾ? ಆಮೇಲೆ ಬೇಡದ ಬಸಿರು, ಸೋಂಕು, ನಿದ್ದೆಗೇಡು, ಖಿನ್ನತೆ ಬರಬಹುದು. ಕ್ಲಾಸೂ ತಪ್ಪುತ್ತದೆ.

ಒತ್ತಾಯದ ಸಂಭೋಗ ನಡೆದಿದ್ದರೆ, ಎಚ್‌ಐವಿ ತಡೆಯುವ ಮಾತ್ರೆ ಅದಾದ 72 ಗಂಟೆಯೊಳಗೆ ಶುರುವಾಗಬೇಕು. ಗರ್ಭ ತಡೆಯುವ ತುರ್ತು ಮಾತ್ರೆಗೆ ಹೆಚ್ಚೆಂದರೆ 5 ದಿನ, ಬೇಗ ನುಂಗಿದಷ್ಟೂ ಒಳ್ಳೆಯದು. ಭಯದಲ್ಲಿ, ನಾಚಿಕೆಯಲ್ಲಿ ಆ ಗಡುವು ಸುಮ್ನೆ ಕಳೆದುಹೋಗುತ್ತದೆ. ‘ಮೊದಲು ದೂರು ಬರೆದುಕೊಡು’ ಎನ್ನದೆ ಮಾತ್ರೆ ಕೊಡುವ ಕ್ಯಾಂಪಸ್ ಕ್ಲಿನಿಕ್ ಬೇಕಿರುವುದು ಅದಕ್ಕೇ.