ಕಾಂಡೋಮ್ ಹರಿದಿಲ್ಲ, ಆದರೂ ಎಚ್‌ಐವಿ ಭಯ ಹೋಗುತ್ತಿಲ್ಲ ಎಂದವರಿಗೆ

ಹದಿನೈದು ದಿನಗಳ ಹಿಂದೆ ಕಾಂಡೋಮ್ ಬಳಸಿಯೇ ಸಂಪರ್ಕ ನಡೆಯಿತು, ಅದು ಹರಿಯಲಿಲ್ಲ, ಜಾರಲಿಲ್ಲ, ಆದರೂ ಗಂಟಲು ಕೆರೆಯುತ್ತಿದೆ, ಎಚ್‌ಐವಿ ಬಂದಿರಬಹುದೇ ಎಂದು ಕೇಳಿದ್ದೀರಿ. ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ, ಅಂದರೆ ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ, ಆಪ್ತಸಮಾಲೋಚಕನಾಗಿರುವ ನನ್ನ ಮುಂದೆ ಇದೇ ಭಯ ಹೊತ್ತವರು ಬಂದು ಕೂರುತ್ತಲೇ ಇರುತ್ತಾರೆ. ನೀವು ಹೇಳಿದಂತೆಯೇ ನಡೆದಿದ್ದರೆ ಎಚ್‌ಐವಿ ತಗಲುವ ಸಾಧ್ಯತೆ ತೀರಾ ಕಡಿಮೆ. ಅದು ವೀರ್ಯ, ಯೋನಿಸ್ರಾವ, ರಕ್ತದಂಥ ದ್ರವಗಳಿಂದ ಹರಡುವ ವೈರಾಣು. ಮುತ್ತು, ಅಪ್ಪುಗೆ, ಬೆವರಿನಿಂದ ಬರುವುದಿಲ್ಲ.

ಭಯ ಹಿಡಿದವರು ಬೆಳಿಗ್ಗೆ ಎದ್ದ ತಕ್ಷಣ ಮೊಬೈಲ್ ಟಾರ್ಚ್ ಬಿಟ್ಟುಕೊಂಡು ಕನ್ನಡಿಯಲ್ಲಿ ನಾಲಿಗೆ ನೋಡಿಕೊಳ್ಳುತ್ತಾರೆ. ಕುತ್ತಿಗೆಯನ್ನು ಒತ್ತಿ ಒತ್ತಿ ಗಂಟು ಹುಡುಕುತ್ತಾರೆ, ಸಂಜೆಗೆ ಅಲ್ಲಿ ನಿಜಕ್ಕೂ ನೋವು ಶುರುವಾಗಿರುತ್ತದೆ. ದಯವಿಟ್ಟು ಇದನ್ನು ನಿಲ್ಲಿಸಿ. ಲಕ್ಷಣ ನೋಡಿ ಎಚ್‌ಐವಿ ಇದೆಯೆಂದಾಗಲಿ ಇಲ್ಲವೆಂದಾಗಲಿ ವೈದ್ಯರೂ ಹೇಳಲಾರರು, ರಕ್ತಪರೀಕ್ಷೆಯೇ ಹೇಳಬೇಕು. ಹದಿನೈದು ದಿನಕ್ಕೆ ಪರೀಕ್ಷೆಯೂ ಖಚಿತ ಉತ್ತರ ಕೊಡದು. ವೈರಾಣುವಿನ ಅಂಶವನ್ನೂ ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವನ್ನೂ ಹುಡುಕುವ ಪ್ರಯೋಗಾಲಯದ ನಾಲ್ಕನೇ ತಲೆಮಾರಿನ ಪರೀಕ್ಷೆಗೆ 45 ದಿನ, ಸಾಮಾನ್ಯ ಕ್ಷಿಪ್ರ ಪರೀಕ್ಷೆಗೆ ಮೂರು ತಿಂಗಳು ಕಳೆದಿರಬೇಕು. ಆಗ ನೆಗೆಟಿವ್ ಬಂದರೆ ಈ ಘಟನೆಯ ಮಟ್ಟಿಗೆ ಮತ್ತೆ ಪರೀಕ್ಷೆ ಬೇಕಿಲ್ಲ. ವಾರಕ್ಕೊಮ್ಮೆ ಬೇರೆ ಬೇರೆ ಲ್ಯಾಬುಗಳಿಗೆ ಹಣ ಸುರಿಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ನೀವು ಕೇಳದೆ ಬಿಟ್ಟ ಮಾತೊಂದಿದೆ. ಕಾಂಡೋಮ್ ಮುಚ್ಚದ ಜಾಗದ ಚರ್ಮ ತಾಗಿದರೆ ಹರ್ಪಿಸ್, ಎಚ್‌ಪಿವಿ, ಸಿಫಿಲಿಸ್‌ನಂಥ ಲೈಂಗಿಕ ಸೋಂಕುಗಳು ಬರಬಹುದು. ಕಾಂಡೋಮ್ ಇಲ್ಲದೆ ಬಾಯಿಯ ಸಂಪರ್ಕವಾಗಿದ್ದರೆ ಗೊನೋರಿಯಾ ಕೂಡ. ಸಿಫಿಲಿಸ್ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ, ತಾನಾಗಿಯೇ ಮಾಯುತ್ತದೆ, ಆದರೆ ರೋಗ ಒಳಗೇ ಉಳಿದಿರುತ್ತದೆ. ಪತ್ತೆಯಾದರೆ ಪೆನ್ಸಿಲಿನ್‌ನಿಂದ ಗುಣವಾಗುತ್ತದೆ. ಆದ್ದರಿಂದ ಹುಣ್ಣು, ಉರಿಮೂತ್ರ, ಕೀವು ಕಂಡರೆ ಔಷಧಿ ಅಂಗಡಿಯ ಮುಲಾಮು ಹಚ್ಚಿ ಸುಮ್ಮನಾಗಬೇಡಿ, ಜಿಲ್ಲಾಸ್ಪತ್ರೆಯಲ್ಲಿ ಲೈಂಗಿಕ ಸೋಂಕುಗಳಿಗೆ ಚಿಕಿತ್ಸೆ ಕೊಡುವ ಸುರಕ್ಷಾ ಕ್ಲಿನಿಕ್‌ಗೆ ತೋರಿಸಿ. ಏನೂ ಕಾಣದಿದ್ದರೂ ಎಚ್‌ಐವಿ ಪರೀಕ್ಷೆಯ ದಿನವೇ ಸಿಫಿಲಿಸ್ ಪರೀಕ್ಷೆಯನ್ನೂ ಕೇಳಿ ಮಾಡಿಸಿ.

ಐಸಿಟಿಸಿಯಲ್ಲಿ ಎಚ್‌ಐವಿ ಪರೀಕ್ಷೆ ಉಚಿತ. ನಿಮ್ಮ ಒಪ್ಪಿಗೆಯಿಲ್ಲದೆ ಪರೀಕ್ಷಿಸುವಂತಿಲ್ಲ, ಫಲಿತಾಂಶವನ್ನು ಗುಟ್ಟಾಗಿಡಬೇಕು ಎಂದು 2017ರ ಎಚ್‌ಐವಿ ಕಾಯ್ದೆಯೇ ಹೇಳುತ್ತದೆ. ಬರಲು ಅಂಜಿಕೆಯಾದರೆ ಮೊದಲು ಎಚ್‌ಐವಿ ಸಹಾಯವಾಣಿ 1097ಕ್ಕೆ ಕರೆ ಮಾಡಿ ಮಾತನಾಡಿ, ಅದಕ್ಕೆ ಶುಲ್ಕವಿಲ್ಲ. ಮುಂದೆಂದಾದರೂ ಕಾಂಡೋಮ್ ಹರಿದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಿ: 72 ಗಂಟೆಯೊಳಗೆ ಶುರುಮಾಡಿ 28 ದಿನ ನುಂಗಬೇಕಾದ, ಎಚ್‌ಐವಿ ತಡೆಯುವ ಮಾತ್ರೆಗಳಿವೆ, ಎಷ್ಟು ಬೇಗ ಶುರುಮಾಡಿದರೆ ಅಷ್ಟು ಒಳ್ಳೆಯದು.