ಮೌಂಟ್ ವಿಫಲವಾದಾಗಲೆಲ್ಲ ಮೆಮೊರಿ ಸೋರುವ ಸಮಸ್ಯೆಗೆ

ಕೆಟ್ಟ ಡಿಸ್ಕ್ ಇಮೇಜನ್ನು ಮೌಂಟ್ ಮಾಡಲು (ಬಳಕೆಗೆ ಜೋಡಿಸಲು) ಹೋದಾಗಲೆಲ್ಲ ನಿಮ್ಮ ಲಿನಕ್ಸ್ ಫೈಲ್‌ಸಿಸ್ಟಮ್ ಮಾಡ್ಯೂಲ್ ಮೆಮೊರಿ ಸೋರಿಸುತ್ತಿದೆ, ಅಂದರೆ ಪಡೆದ ಮೆಮೊರಿಯನ್ನು ಹಿಂತಿರುಗಿಸುತ್ತಿಲ್ಲ, ಏಕೆ ಎಂದು ಕೇಳಿದ್ದೀರಿ. ಕಾರಣ ಬಹುತೇಕ ಇದು: ಮೌಂಟ್ ವಿಫಲವಾದರೂ ಅನ್‌ಮೌಂಟ್ ವೇಳೆ ಶುಚಿಗೊಳಿಸುವ ಪುಟ್_ಸೂಪರ್ ಫಂಕ್ಷನ್ ಬಂದು ಎಲ್ಲವನ್ನೂ ಬಿಡುಗಡೆ ಮಾಡುತ್ತದೆ ಎಂದು ನಿಮ್ಮ ಕೋಡ್ ನಂಬಿಕೊಂಡಿದೆ. ಆದರೆ ಎಸ್_ರೂಟ್ (ಫೈಲ್‌ಸಿಸ್ಟಮ್‌ನ ಮೂಲ ಡೈರೆಕ್ಟರಿಯ ನಮೂದು) ಸಿದ್ಧವಾಗದ ಹೊರತು ಕರ್ನಲ್ ಅದನ್ನು ಕರೆಯುವುದೇ ಇಲ್ಲ. ಬಾಗಲಕೋಟೆಯಲ್ಲಿ ವಿದ್ಯಾರ್ಥಿಗಳ ಯೋಜನೆಯೊಂದನ್ನು ತಿದ್ದುವಾಗ ನನಗೂ ಇದೇ ಎದುರಾಗಿತ್ತು.

ಮೊದಲು, ಮೌಂಟ್ ವೇಳೆ ಫೈಲ್‌ಸಿಸ್ಟಮನ್ನು ಸಿದ್ಧಪಡಿಸುವ ನಿಮ್ಮ ಫಿಲ್_ಸೂಪರ್ ಫಂಕ್ಷನ್‌ನಲ್ಲಿ ದೋಷ ಬಂದಾಗ ನೇರವಾಗಿ ರಿಟರ್ನ್ ಆಗುವ ಪ್ರತಿಯೊಂದು ಸಾಲನ್ನೂ ತೆಗೆದು, ಪಡೆದ ಕ್ರಮಕ್ಕೆ ವಿರುದ್ಧ ಕ್ರಮದಲ್ಲಿ ಬಿಡುಗಡೆ ಮಾಡುವ ಗೋಟು ಲೇಬಲ್‌ಗಳಿಗೆ ಕಳುಹಿಸಿ: ಮೊದಲು ಡಿಸ್ಕಿನಿಂದ ಓದಿದ ಬಫರನ್ನು ಬಿಡಲು ಬ್ರೆಲ್ಸ್, ಆಮೇಲೆ ನಿಮ್ಮ ಖಾಸಗಿ ಸ್ಟ್ರಕ್ಚರ್‌ನ ಮೆಮೊರಿ ಬಿಡಲು ಕೆಫ್ರೀ. ಎಸ್_ರೂಟನ್ನು ತಯಾರಿಸುವ ಡಿ_ಮೇಕ್_ರೂಟ್ ವಿಫಲವಾದ ಕಡೆ ಮಾತ್ರ, ಇನೋಡನ್ನು (ಕಡತದ ವಿವರದ ದಾಖಲೆ) ಬಿಡುವ ಐಪುಟ್ ಸೇರಿಸಬೇಡಿ. ಇನೋಡನ್ನು ಡಿ_ಮೇಕ್_ರೂಟ್ ತಾನೇ ಬಿಟ್ಟಿರುತ್ತದೆ, ಎರಡನೆಯ ಸಲ ಬಿಡುವುದು ಸೋರಿಕೆಗಿಂತ ದೊಡ್ಡ ಅಪಾಯ.

ಮೌಂಟ್ ವಿಫಲವಾದಾಗಲೂ ಕರ್ನಲ್ ಕರೆಯುವ ಕಿಲ್_ಎಸ್‌ಬಿ ಫಂಕ್ಷನ್‌ನ ಭಾಗವನ್ನು ನೀವು ಪ್ರಶ್ನೆಯಲ್ಲಿ ಕೊಟ್ಟಿಲ್ಲ. ಅದು ಎಸ್_ಎಫ್‌ಎಸ್_ಇನ್ಫೋವನ್ನು (ನಿಮ್ಮ ಖಾಸಗಿ ಸ್ಟ್ರಕ್ಚರ್‌ನ ವಿಳಾಸವಿರುವ ಜಾಗ) ಈಗಾಗಲೇ ಬಿಡುಗಡೆ ಮಾಡುತ್ತಿದ್ದರೆ ಮೇಲಿನ ಕೆಫ್ರೀಯನ್ನು ಬಿಟ್ಟುಬಿಡಿ.

ನಂತರ ಕೆಮೆಮ್‌ಲೀಕ್ (ಮೆಮೊರಿ ಸೋರಿಕೆ ಪತ್ತೆಹಚ್ಚುವ ಕರ್ನಲ್ ಸಾಧನ) ಸಕ್ರಿಯವಿರುವ ಕರ್ನಲ್‌ನಲ್ಲಿ ಅದೇ ಇಮೇಜನ್ನು ಹತ್ತಾರು ಸಲ ಮೌಂಟ್ ಮಾಡಲು ಯತ್ನಿಸಿ, ಡಿಬಗ್‌ಎಫ್‌ಎಸ್‌ನ (ಕರ್ನಲ್‌ನ ದೋಷಶೋಧನೆಯ ಫೈಲ್‌ಸಿಸ್ಟಮ್) ಕೆಮೆಮ್‌ಲೀಕ್ ಕಡತಕ್ಕೆ ಸ್ಕ್ಯಾನ್ ಎಂದು ಬರೆದು, ಅದನ್ನೇ ಓದಿ ನೋಡಿ. ಇನ್ನೂ ಸೋರಿಕೆ ಉಳಿದಿದ್ದರೆ, ಆ ಮೆಮೊರಿಯನ್ನು ಪಡೆದ ಫಂಕ್ಷನ್‌ನ ಹೆಸರು ಅಲ್ಲಿಯೇ ಕಾಣುತ್ತದೆ.